ನೆಲದ ನೀರು ಗೋಡೆ ಹತ್ತುವುದು ಹೇಗೆ: ಚಿರೇಕಲ್ಲಿನ ಮನೆ ಮತ್ತು ಮೇಲ್ಮೈ ಎಳೆತ

ಚೌತಿ ಹತ್ತಿರ ಬಂತೆಂದರೆ ಕಾರವಾರ, ಅಂಕೋಲಾ, ಕುಮಟಾ ಕಡೆ ಚಿರೇಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಮನೆಗಳಿಗೆ ಬಣ್ಣ ಬಳಿಯುವ ಗಡಿಬಿಡಿ. ಹೋದ ವರ್ಷ ಬಳಿದ ಬಣ್ಣ ಎಲ್ಲಿ ಕೆಟ್ಟಿದೆ ಎಂದು ನೋಡಿದರೆ ಬಹಳಷ್ಟು ಮನೆಗಳಲ್ಲಿ ಒಂದೇ ಬಗೆ. ನೆಲದಿಂದ ಎರಡು-ಮೂರು ಅಡಿಯವರೆಗೆ ಬಣ್ಣ ಹೊಪ್ಪಳೆ ಎದ್ದಿರುತ್ತದೆ, ಗಿಲಾವು ಪುಡಿಯಾಗಿ ಉದುರುತ್ತದೆ, ಅಲ್ಲಲ್ಲಿ ಬಿಳಿ ಉಪ್ಪು ಕಟ್ಟಿರುತ್ತದೆ. ಅದಕ್ಕಿಂತ ಮೇಲೆ ಗೋಡೆ ಚೊಕ್ಕ. ಮಾಡು ಸೋರಿಲ್ಲ, ನಳದ ಪೈಪು ಒಡೆದಿಲ್ಲ. ನೀರು ಬಂದಿರುವುದು ಕೆಳಗಿನಿಂದ.

ಇಳಿಜಾರಿನತ್ತ ಹರಿಯಬೇಕಾದ ನೀರು ಮೇಲಕ್ಕೆ ಏರಿದ್ದೇಕೆ, ಮೂರಡಿಗೇ ನಿಂತದ್ದೇಕೆ, ದುಬಾರಿ ವಾಟರ್‌ಪ್ರೂಫ್ ಬಣ್ಣ ಬಳಿದ ಮೇಲೆ ನಾಲ್ಕಡಿಗೆ ಹೋದದ್ದೇಕೆ? ಉತ್ತರವಿರುವುದು ನೀರಿನ ಮೇಲ್ಮೈ ಎಳೆತದಲ್ಲಿ ಮತ್ತು ಕಲ್ಲಿನೊಳಗಿನ ಸಂದುಗಳ ಅಗಲದಲ್ಲಿ. ಅಗಲ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಅದರ ಸುತ್ತಲೇ ಸುತ್ತುತ್ತದೆ.

ಮೇಲ್ಮೈ ಎಳೆತ ಎಂದರೇನು

ನೀರಿನ ಅಣುಗಳು ಒಂದನ್ನೊಂದು ಸೆಳೆಯುತ್ತವೆ. ಪಾತ್ರೆಯ ಒಳಗಿರುವ ಅಣುವಿಗೆ ಸುತ್ತ ಎಲ್ಲ ಕಡೆಯಿಂದ ಸಮನಾದ ಸೆಳೆತ. ಮೇಲಿನ ಪದರದ ಅಣುವಿಗೆ ಕೆಳಗೂ ಪಕ್ಕದಲ್ಲೂ ಜೊತೆಗಾರರಿದ್ದಾರೆ, ಮೇಲೆ ಇಲ್ಲ. ಹಾಗಾಗಿ ನೀರು ತನ್ನ ಮೇಲ್ಮೈಯನ್ನು ಆದಷ್ಟು ಕಿರಿದು ಮಾಡಿಕೊಳ್ಳಲು ನೋಡುತ್ತದೆ. ಹನಿ ಗುಂಡಗಾಗುವುದು ಇದರಿಂದಲೇ.

ಈ ಎಳೆತವನ್ನು ಅಳೆಯಬಹುದು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶುದ್ಧ ನೀರಿನ ಮೇಲ್ಮೈ ಎಳೆತ ಮೀಟರಿಗೆ 0.0728 ನ್ಯೂಟನ್. ಅಂದರೆ ನೀರಿನ ಮೇಲ್ಮೈಯಲ್ಲಿ ಒಂದು ಮೀಟರ್ ಉದ್ದದ ಗೆರೆ ಎಳೆದರೆ, ಆ ಗೆರೆಯುದ್ದಕ್ಕೂ ಸೇರಿ ಸುಮಾರು 7.4 ಗ್ರಾಂ ತೂಕ ಎತ್ತುವಷ್ಟು ಬಲ. ನಮ್ಮ ಕರಾವಳಿಯ 30 ಡಿಗ್ರಿಯಲ್ಲಿ ಇದು ಸ್ವಲ್ಪ ಇಳಿಯುತ್ತದೆ, ಲೆಕ್ಕ ತಪ್ಪುವಷ್ಟಲ್ಲ. ಮೀಟರಿಗೆ ಏಳು ಗ್ರಾಂ ಎಂದರೆ ಏನೂ ಅಲ್ಲ ಅನ್ನಿಸುತ್ತದೆ. ಬಕೆಟ್ಟಿನಲ್ಲಿ ನಿಜಕ್ಕೂ ಏನೂ ಅಲ್ಲ. ಕೂದಲೆಳೆಯಷ್ಟು ಸಂದಿನಲ್ಲಿ ಮಾತ್ರ ಇದೇ ಬಲ ಯಜಮಾನ.

ಇನ್ನೊಂದು ಸೆಳೆತವೂ ಸೇರಬೇಕು. ನೀರಿನ ಅಣುವಿಗೆ ಗಾಜು, ಕಲ್ಲು, ಇಟ್ಟಿಗೆ, ಹತ್ತಿ ಇವುಗಳ ಕಡೆಗೂ ಸೆಳೆತವಿದೆ. ಚೊಕ್ಕ ಗಾಜಿನ ಮೇಲೆ ಹನಿ ಬಿದ್ದರೆ ಅಗಲವಾಗಿ ಹರಡುವುದು ಅದಕ್ಕೇ. ಕೆಸುವಿನ ಎಲೆಯ ಮೇಲೆ ಬಿದ್ದರೆ ಮುತ್ತಾಗಿ ಉರುಳುತ್ತದೆ, ಅಲ್ಲಿ ನೀರಿಗೆ ಎಲೆಗಿಂತ ನೀರೇ ಹತ್ತಿರ. ಹನಿಯ ಅಂಚು ನೆಲದೊಂದಿಗೆ ಮಾಡುವ ಕೋನಕ್ಕೆ ಸಂಪರ್ಕ ಕೋನ ಎನ್ನುತ್ತಾರೆ. 90 ಡಿಗ್ರಿಗಿಂತ ಕಡಿಮೆ ಇದ್ದರೆ ನೀರು ಆ ವಸ್ತುವನ್ನು ತೋಯಿಸುತ್ತದೆ, ಅದರ ಸಂದುಗಳಲ್ಲಿ ಏರುತ್ತದೆ. 90 ದಾಟಿದರೆ ತೋಯಿಸುವುದಿಲ್ಲ, ಸಂದಿನಿಂದ ಹೊರಗೆ ತಳ್ಳಿಸಿಕೊಳ್ಳುತ್ತದೆ. ಗಾಜಿನ ನಳಿಕೆಯಲ್ಲಿ ಪಾದರಸ ಏರುವ ಬದಲು ಹೊರಗಿನ ಮಟ್ಟಕ್ಕಿಂತ ಕೆಳಗಿಳಿಯುವುದು ಹೀಗೆ, ಅದರ ಕೋನ ಸುಮಾರು 140 ಡಿಗ್ರಿ.

ನಳಿಕೆ ಸಣ್ಣದಾದಷ್ಟೂ ನೀರು ಎತ್ತರಕ್ಕೆ ಏಕೆ

ಎರಡೂ ತುದಿ ತೆರೆದ ಗಾಜಿನ ನಳಿಕೆಯನ್ನು ನೀರಿನಲ್ಲಿ ನಿಲ್ಲಿಸಿ. ಗಾಜಿಗೆ ತಾಗಿದ ಕಡೆ ನೀರು ಮೇಲೇರಿ ಅಂಟುತ್ತದೆ, ನಡುವೆ ತಗ್ಗಾಗಿ ಮೇಲ್ಮೈ ಬಾಗುತ್ತದೆ. ಬಾಗಿದ ಮೇಲ್ಮೈ ನೇರವಾಗಲು ನೋಡುತ್ತ ಕೆಳಗಿನ ನೀರನ್ನು ಮೇಲೆಳೆಯುತ್ತದೆ. ಅಂಚು ಮತ್ತೆ ಏರುತ್ತದೆ, ಮತ್ತೆ ಎಳೆಯುತ್ತದೆ. ಎಳೆದು ನಿಲ್ಲಿಸಿದ ನೀರಿನ ತೂಕ ಮತ್ತು ಅಂಚಿನ ಬಲ ಸಮನಾದಾಗ ಏರಿಕೆ ನಿಲ್ಲುತ್ತದೆ.

ಇಲ್ಲಿ ಎತ್ತುವ ಬಲ ಇರುವುದು ಸುತ್ತಳತೆಯಲ್ಲಿ, ಭಾರ ಇರುವುದು ನಳಿಕೆಯ ಒಳಗಿನ ವಿಸ್ತಾರದಲ್ಲಿ. ದುಂಡಗಿನ ತಾಡಪಾಲಿನಲ್ಲಿ ಭತ್ತ ಹರಡಿ, ಅಂಚಿನ ಸುತ್ತ ಆಳುಗಳು ಸಾಲಾಗಿ ನಿಂತು ಎತ್ತುವುದನ್ನು ನೆನೆಯಿರಿ. ತಾಡಪಾಲಿನ ಅಗಲ ಎರಡು ಪಟ್ಟಾದರೆ ಅಂಚಿನಲ್ಲಿ ನಿಲ್ಲುವ ಆಳು ಎರಡು ಪಟ್ಟು, ಅದೇ ದಪ್ಪಕ್ಕೆ ಹರಡಿದ ಭತ್ತ ನಾಲ್ಕು ಪಟ್ಟು. ಒಬ್ಬೊಬ್ಬರ ಪಾಲಿನ ಭಾರ ಇಮ್ಮಡಿ. ಅಗಲ ಅರ್ಧವಾದರೆ ಆಳು ಅರ್ಧ, ಭತ್ತ ಕಾಲು ಪಾಲು, ಹಾಗಾಗಿ ಅವರು ಇಮ್ಮಡಿ ದಪ್ಪದ ಭತ್ತ ಎತ್ತಬಲ್ಲರು.

ಅಂಕಿಯಲ್ಲಿ ನೋಡೋಣ. ಒಳಗಿನ ವ್ಯಾಸ 1 ಮಿಲಿಮೀಟರ್ ಇರುವ ನಳಿಕೆಯ ಸುತ್ತಳತೆ 3.14 ಮಿಲಿಮೀಟರ್. ಮೀಟರಿಗೆ 7.4 ಗ್ರಾಮಿನಂತೆ ಅದು ಎತ್ತುವುದು 0.023 ಗ್ರಾಂ. ನಳಿಕೆಯ ಅಡ್ಡ ವಿಸ್ತಾರ 0.785 ಚದರ ಮಿಲಿಮೀಟರ್. ಇಷ್ಟು ವಿಸ್ತಾರದಲ್ಲಿ 0.023 ಗ್ರಾಂ ನೀರು ನಿಂತರೆ ಎತ್ತರ ಸುಮಾರು 30 ಮಿಲಿಮೀಟರ್. ಸೂತ್ರ ಇಷ್ಟೇ: ನೀರಿಗೂ ಚೊಕ್ಕ ಗಾಜಿಗೂ 30ನ್ನು ಮಿಲಿಮೀಟರಿನಲ್ಲಿರುವ ವ್ಯಾಸದಿಂದ ಭಾಗಿಸಿ, ಎತ್ತರ ಮಿಲಿಮೀಟರಿನಲ್ಲಿ ಸಿಗುತ್ತದೆ. ವ್ಯಾಸ 0.1 ಮಿಲಿಮೀಟರ್ ಆದರೆ 30 ಸೆಂಟಿಮೀಟರ್. 0.01 ಆದರೆ 3 ಮೀಟರ್, ಒಂದು ಮಾಳಿಗೆಯಷ್ಟು.

ಈ ನಿಯಮವನ್ನು 1718ರಲ್ಲಿ ಪ್ರಕಟಿಸಿದವರು ಇಂಗ್ಲೆಂಡಿನ ವೈದ್ಯ ಜೇಮ್ಸ್ ಜ್ಯೂರಿನ್. ಅವರಿಗಿಂತ ಸ್ವಲ್ಪ ಮೊದಲು ಫ್ರಾನ್ಸಿಸ್ ಹಾಕ್ಸ್‌ಬೀ ಗಾಳಿ ತೆಗೆದ ಪಾತ್ರೆಯೊಳಗೂ ನೀರು ಹೀಗೆಯೇ ಏರುವುದನ್ನು ತೋರಿಸಿದ್ದರು. ಅಲ್ಲಿಗೆ ಇದು ಗಾಳಿಯ ಒತ್ತಡದ ಕೆಲಸ ಅಲ್ಲ ಎಂದು ಖಚಿತವಾಯಿತು. ಬಾಗಿದ ಮೇಲ್ಮೈಯ ಪೂರ್ಣ ಗಣಿತ ಬಂದದ್ದು 1805 ಮತ್ತು 1806ರಲ್ಲಿ, ಥಾಮಸ್ ಯಂಗ್ ಮತ್ತು ಲಾಪ್ಲಾಸ್ ಅವರಿಂದ.

ಜ್ಯೂರಿನ್ ಗಮನಿಸಿದ ಇನ್ನೊಂದು ಸಂಗತಿ ಮನೆ ಕಟ್ಟುವವರಿಗೆ ಬಹಳ ಮುಖ್ಯ. ಎಷ್ಟು ಎತ್ತರದವರೆಗೆ ನೀರು ನಿಲ್ಲಬಲ್ಲದು ಎಂಬುದನ್ನು ತೀರ್ಮಾನಿಸುವುದು ಮೇಲ್ಮೈ ಇರುವ ಜಾಗದ ಅಗಲ ಮಾತ್ರ, ಕೆಳಗಿನ ನಳಿಕೆ ಎಷ್ಟು ಅಗಲವಿದ್ದರೂ ಸರಿ. ಬರಿದಾದ ನಳಿಕೆಯಲ್ಲಿ ಏರುವಾಗ ನೀರು ಅಗಲದ ಜಾಗ ಸಿಕ್ಕಲ್ಲಿ ನಿಂತುಬಿಡುತ್ತದೆ. ಆದರೆ ಒಮ್ಮೆ ಮೇಲಿನವರೆಗೆ ತುಂಬಿದ ನೀರು ಇಳಿಯುವಾಗ ಮೇಲಿನ ಕಿರಿದಾದ ಜಾಗದಲ್ಲೇ ಸಿಕ್ಕಿಕೊಳ್ಳುತ್ತದೆ. ಕಾಳಿ, ಗಂಗಾವಳಿ ನೆರೆಯಲ್ಲಿ ಮುಳುಗಿದ ಗೋಡೆಗಳು ನೀರು ಇಳಿದು ತಿಂಗಳುಗಳಾದರೂ ಒದ್ದೆಯಿರಲು ಇದೂ ಒಂದು ಕಾರಣ.

ಮನೆಯಲ್ಲೇ ನೋಡುವ ಬಗೆ

ಸುಮಾರು 10 ಸೆಂಟಿಮೀಟರ್ ಅಗಲದ ಎರಡು ಗಾಜಿನ ಹಾಳೆ ಬೇಕು. ಫೋಟೊ ಫ್ರೇಮಿನ ಗಾಜು ಸಾಕು. ಸೋಪಿನಿಂದ ತೊಳೆದು, ಸೋಪಿನ ಜಿಡ್ಡು ಒಂದಿಷ್ಟೂ ಉಳಿಯದಂತೆ ನಾಲ್ಕಾರು ಸಲ ಬರೀ ನೀರಿನಲ್ಲಿ ಜಾಲಾಡಿ. ಎರಡನ್ನೂ ಜೋಡಿಸಿ, ಒಂದು ಅಂಚು ಒಂದಕ್ಕೊಂದು ತಾಗುವಂತೆ, ಇನ್ನೊಂದು ಅಂಚಿನಲ್ಲಿ ನಡುವೆ ಬೆಂಕಿಕಡ್ಡಿ ನಿಲ್ಲುವಂತೆ ರಬ್ಬರ್ ಬ್ಯಾಂಡ್ ಹಾಕಿ. ಬಣ್ಣ ಬೆರೆಸಿದ ನೀರಿನ ತಟ್ಟೆಯಲ್ಲಿ ನೆಟ್ಟಗೆ ನಿಲ್ಲಿಸಿ.

ಸಂದು ಇಲ್ಲಿ ನಳಿಕೆಯಲ್ಲ, ಎರಡು ಹಾಳೆಗಳ ನಡುವಿನ ಸೀಳು. ಸೀಳಿನಲ್ಲಿ ನೀರು ಅಷ್ಟೇ ಅಗಲದ ನಳಿಕೆಗಿಂತ ಅರ್ಧ ಎತ್ತರ ಏರುತ್ತದೆ, ಹಾಗಾಗಿ 30ರ ಬದಲು 15ನ್ನು ಭಾಗಿಸಬೇಕು. ಕಡ್ಡಿ 2 ಮಿಲಿಮೀಟರ್ ದಪ್ಪವಿದ್ದರೆ, ತಾಗಿದ ಅಂಚಿನಿಂದ 1 ಸೆಂಟಿಮೀಟರ್ ದೂರದಲ್ಲಿ ಸೀಳು 0.2 ಮಿಲಿಮೀಟರ್, ಏರಿಕೆ ಸುಮಾರು 75 ಮಿಲಿಮೀಟರ್. 2 ಸೆಂಟಿಮೀಟರಿನಲ್ಲಿ 37, 5 ಸೆಂಟಿಮೀಟರಿನಲ್ಲಿ 15. ಗಾಜಿನ ಮೇಲೆ ನೀರು ತಾನೇ ಒಂದು ಚೆಂದದ ಬಾಗು ಗೆರೆ ಬರೆಯುತ್ತದೆ. 1712ರಲ್ಲಿ ಬ್ರೂಕ್ ಟೇಲರ್ ಈ ಗೆರೆಯನ್ನು ಅತಿಪರವಲಯ ಎಂದು ಗುರುತಿಸಿದ್ದರು.

ಲೆಕ್ಕದಷ್ಟು ಏರದಿದ್ದರೆ ಹೆಚ್ಚಾಗಿ ಗಾಜಿನಲ್ಲಿ ಎಣ್ಣೆಪಸೆ ಉಳಿದಿದೆ ಎಂದು ತಿಳಿಯಿರಿ, ಬೆರಳಚ್ಚಿನ ಪಸೆಯೂ ಸಾಕು. ತಟ್ಟೆಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ನೀರಿನ ಎಳೆತ ಅರ್ಧಕ್ಕಿಂತ ಕೆಳಗಿಳಿದು ಏರಿಕೆಯೂ ಕುಸಿಯುತ್ತದೆ. ಸೀಮೆಎಣ್ಣೆಯ ಎಳೆತವೂ ಕಡಿಮೆ: 1 ಮಿಲಿಮೀಟರ್ ನಳಿಕೆಯಲ್ಲಿ ಅದು ಏರುವುದು 13 ಮಿಲಿಮೀಟರಿನ ಆಸುಪಾಸು. ಚಿಮಣಿಯ ಬತ್ತಿ ಒತ್ತಾಗಿ ನೇಯ್ದದ್ದಾಗಿರುವುದು ಇದಕ್ಕೆ, ಎಳೆಗಳ ನಡುವಿನ ಸಂದು ಕಿರಿದಾದರಷ್ಟೇ ಎಣ್ಣೆ ಉರಿಯವರೆಗೆ ಮುಟ್ಟುತ್ತದೆ.

ಹೆಚ್ಚು ಎತ್ತರ, ಆದರೆ ನಿಧಾನ

ಸಂದು ಕಿರಿದಾದಷ್ಟೂ ನೀರು ಎತ್ತರಕ್ಕೆ ಹೋಗಬಲ್ಲದು ಸರಿ, ಹರಿಯಲು ಆಗುವ ತಡೆಯೂ ಹಾಗೆಯೇ ಬೆಳೆಯುತ್ತದೆ. ಏರಿಕೆಯ ಶುರುವಿನಲ್ಲಿ, ತೂಕದ ಅಡ್ಡಿ ಇನ್ನೂ ಕಡಿಮೆಯಿರುವಾಗ, ದೂರ ಇಮ್ಮಡಿಯಾಗಲು ನಾಲ್ಕು ಪಟ್ಟು ಹೊತ್ತು ಬೇಕು. ಈ ಲೆಕ್ಕವನ್ನು ಲೂಕಾಸ್ 1918ರಲ್ಲಿ, ವಾಶ್‌ಬರ್ನ್ 1921ರಲ್ಲಿ ಕೊಟ್ಟರು. ತೆಂಗಿನೆಣ್ಣೆಯಂಥ ಮಂದ ದ್ರವ ಬತ್ತಿಯಲ್ಲಿ ತಡವಾಗಿ ಏರುವುದೂ ಈ ತಡೆಯಿಂದಲೇ.

ಗೋಡೆಯಲ್ಲಿ ನೀರು ಲೆಕ್ಕದ 3 ಮೀಟರ್, 30 ಮೀಟರ್ ಏರದಿರಲು ಕಾರಣ ಇಲ್ಲಿದೆ. ಕೆಳಗಿನಿಂದ ನೀರು ನಿಧಾನ ಬರುತ್ತಿರುತ್ತದೆ, ಗೋಡೆಯ ಎರಡೂ ಮುಖದಿಂದ ಆವಿಯಾಗಿ ಹೋಗುತ್ತಿರುತ್ತದೆ. ಬರುವುದೂ ಹೋಗುವುದೂ ಸಮನಾದ ಎತ್ತರದಲ್ಲಿ ತೇವದ ಗೆರೆ ನಿಲ್ಲುತ್ತದೆ. ಸಾಮಾನ್ಯವಾಗಿ ಅದು ಒಂದು ಮೀಟರಿನ ಒಳಗೆ, ಒಂದೂವರೆ ದಾಟುವುದು ಅಪರೂಪ. ಈಗ ಆ ಗೋಡೆಗೆ ಆವಿ ಹೋಗದಂಥ ಬಣ್ಣ ಅಥವಾ ಟೈಲ್ಸ್ ಹಾಕಿ. ಬರುವ ನೀರು ನಿಂತಿಲ್ಲ, ಹೋಗುವ ದಾರಿ ಮುಚ್ಚಿತು. ಸಮತೋಲ ಹುಡುಕುತ್ತ ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ. ಬಣ್ಣದ ಮೇಲಂಚಿನಲ್ಲಿ ಹೊಸ ಕಲೆ ಮೂಡುವುದು ಹೀಗೆ.

ಸಗಣಿ ಸಾರಿಸಿದ ಮಣ್ಣಿನ ನೆಲ ತೆಗೆದು ಟೈಲ್ಸ್ ಹಾಕಿದ ಮೇಲೆ ಹಳೇ ಮನೆಯ ಗೋಡೆ ಒದ್ದೆಯಾಗತೊಡಗಿತು ಎಂಬ ದೂರಿಗೂ ಆಧಾರವಿದೆ. ನೆಲದ ಮೂಲಕ ಹೋಗುತ್ತಿದ್ದ ಆವಿಗೆ ಈಗ ಗೋಡೆಯೊಂದೇ ದಾರಿ.

ಶಿರಸಿ ಕಡೆಯವರು ಕೇಳಬಹುದು, ಅಡಿಕೆ ಮರದ ತಲೆಗೆ ನೀರು ಏರುವುದೂ ಇದೇ ಬಗೆಯೇ ಎಂದು. ಅರ್ಧ ಹೌದು. ಕಾಂಡದ ನೀರ್ನಾಳಗಳು 0.1 ಮಿಲಿಮೀಟರ್ ಆಜುಬಾಜಿನವು ಎಂದುಕೊಂಡರೆ ಅವುಗಳ ಏರಿಕೆ ಒಂದಡಿಯಷ್ಟೇ. ನಿಜವಾಗಿ ಎಳೆಯುವುದು ಎಲೆಯೊಳಗಿನ ಜೀವಕೋಶಗಳ ಗೋಡೆ. ಅಲ್ಲಿನ ರಂಧ್ರಗಳು ಮಿಲಿಮೀಟರಿನ ಲಕ್ಷದ ಒಂದು ಪಾಲಿನ ಅಳತೆಯವು. ಎಲೆಯಿಂದ ನೀರು ಆವಿಯಾದ ಹಾಗೆ ಆ ರಂಧ್ರಗಳ ಬಾಗಿದ ಮೇಲ್ಮೈ ಬೇರಿನವರೆಗಿನ ಇಡೀ ನೀರಿನ ಎಳೆಯನ್ನು ಜಗ್ಗುತ್ತದೆ.

ಚಿರೇಕಲ್ಲಿನ ತೂತುಗಳು ತಪ್ಪಿತಸ್ಥರಲ್ಲ

ಚಿರೇಕಲ್ಲು ನೋಡಿದರೆ ಬೆರಳು ತೂರುವಷ್ಟು ತೂತುಗಳು. ನೀರು ಏರುವುದು ಅವುಗಳಿಂದ ಎಂದು ನಂಬಿ ಸಿಮೆಂಟು ತುಂಬಿಸುವವರಿದ್ದಾರೆ. ಲೆಕ್ಕ ಬೇರೆಯೇ ಹೇಳುತ್ತದೆ. 5 ಮಿಲಿಮೀಟರ್ ತೂತಿನಲ್ಲಿ ಏರಿಕೆ 6 ಮಿಲಿಮೀಟರ್ ಕೂಡ ಇಲ್ಲ. ನೀರು ಹತ್ತುವುದು ತೂತುಗಳ ನಡುವಿನ ಕೆಂಪು ಜೇಡಿಯ ಭಾಗದಲ್ಲಿ, ಕಣ್ಣಿಗೆ ಕಾಣದ ಸಂದುಗಳಲ್ಲಿ, ಮತ್ತು ಕಲ್ಲುಗಳ ನಡುವಿನ ಗಾರೆಯಲ್ಲಿ. ಕಲ್ಲು ಕೊಳ್ಳುವಾಗ ನೋಡಬೇಕಾದ್ದು ಎಷ್ಟು ನೀರು ಕುಡಿಯುತ್ತದೆ ಎಂಬುದನ್ನು. ಭಾರತೀಯ ಮಾನಕದ ಪ್ರಕಾರ ಕಟ್ಟಡದ ಚಿರೇಕಲ್ಲು ತನ್ನ ತೂಕದ 12 ಶೇಕಡಾಕ್ಕಿಂತ ಹೆಚ್ಚು ನೀರು ಹೀರಬಾರದು. ಪೂರ್ತಿ ಒಣಗಿದ ತುಂಡೊಂದನ್ನು ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿದರೆ ಅಂದಾಜು ಸಿಗುತ್ತದೆ. 2 ಕಿಲೋ ತುಂಡು 2.24 ಕಿಲೋ ದಾಟಿದರೆ ಪಾಯದ ಮೇಲಿನ ಮೊದಲ ಸಾಲುಗಳಿಗೆ ಅದು ಬೇಡ.

ಉಪ್ಪಿನ ಕಾಟ

ನೀರು ಏರುವಾಗ ಉಪ್ಪನ್ನೂ ಹೊತ್ತು ತರುತ್ತದೆ, ಆವಿಯಾಗುವಾಗ ಅಲ್ಲೇ ಬಿಟ್ಟುಹೋಗುತ್ತದೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಬೇಸಿಗೆಯಲ್ಲಿ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುವುದು, ಮಳೆ ಬಂದು ತೊಳೆದ ಮೇಲಷ್ಟೇ ಕಗ್ಗ ಭತ್ತದ ಬಿತ್ತನೆ ಸಾಗುವುದು ಇದೇ ಕ್ರಮದಿಂದ. ಗೋಡೆಯಲ್ಲಿ ಆ ಉಪ್ಪು ಗಿಲಾವಿನ ಸಂದುಗಳೊಳಗೆ ಹರಳಾಗಿ ಬೆಳೆದು ಅದನ್ನು ಒಳಗಿನಿಂದ ಒಡೆಯುತ್ತದೆ.

ಇನ್ನೂ ಒಂದು ತೊಡಕಿದೆ. ಗಾಳಿಯ ಸಾಪೇಕ್ಷ ಆರ್ದ್ರತೆ 75 ಶೇಕಡಾ ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಮಳೆಗಾಲದ ಕಾರವಾರದಲ್ಲಿ ಗಾಳಿ ಅದಕ್ಕಿಂತ ತೇವವಾಗಿರುವುದೇ ಹೆಚ್ಚು. ಆದ್ದರಿಂದ ಕೆಳಗಿನ ನೀರನ್ನು ಪೂರ್ತಿ ತಡೆದರೂ ಉಪ್ಪು ಕುಡಿದ ಗಿಲಾವು ಪ್ರತಿ ಮಳೆಗಾಲ ಒದ್ದೆಯಾಗುತ್ತಲೇ ಇರುತ್ತದೆ. ಸರಿಯಾಗಿ ತೊಳೆಯದ ಸಮುದ್ರದ ಮರಳು, ಉಪ್ಪುಹೊಳೆಯ ಮರಳು ಬಳಸಿದ ಮನೆಗಳಲ್ಲಿ ಈ ಕಾಟ ಮೊದಲ ವರ್ಷವೇ ಶುರು.

ಶೀಟಿನ ಮಾಡಿನಲ್ಲೂ ಇದೇ ಲೆಕ್ಕ

ತಗಡಿನ ಶೀಟು ಒಂದರ ಮೇಲೊಂದು ಕೂತ ಕಡೆ 0.3 ಮಿಲಿಮೀಟರ್ ಸಂದು ಇದೆ ಎನ್ನಿ. ಸೀಳಿನ ಸೂತ್ರದಂತೆ ನೀರು 50 ಮಿಲಿಮೀಟರ್ ಏರಬಲ್ಲದು. ಆದರೆ ಈ 50 ನೆಟ್ಟಗಿನ ಎತ್ತರ. ಮಾಡಿನ ಇಳಿಜಾರು 30 ಡಿಗ್ರಿಯಿದ್ದರೆ ಇಳಿಜಾರಿನ ಗುಂಟ ಅದು 100 ಮಿಲಿಮೀಟರ್ ಒಳಸರಿದಂತೆ. 10 ಡಿಗ್ರಿಯಷ್ಟು ಚಪ್ಪಟೆ ಇಟ್ಟರೆ ಸುಮಾರು 285 ಮಿಲಿಮೀಟರ್. 150 ಮಿಲಿಮೀಟರ್ ಮೇಲ್ಹೊದಿಕೆ ಬಿಟ್ಟ ಶೀಟು ಮೊದಲನೆಯದರಲ್ಲಿ ಸೋರುವುದಿಲ್ಲ, ಎರಡನೆಯದರಲ್ಲಿ ಸೋರುತ್ತದೆ. ಸ್ಕ್ರೂ ಮತ್ತಷ್ಟು ಬಿಗಿದರೆ ಸಂದು ಇನ್ನೂ ಕಿರಿದಾಗಿ ಏರಿಕೆ ಹೆಚ್ಚುತ್ತದೆ. ಇಳಿಜಾರು ಹೆಚ್ಚಿಸುವುದು ಒಂದು ದಾರಿ, ಜೋಡಣೆಯಲ್ಲಿ ಸೀಲಂಟ್ ಪಟ್ಟಿ ಇಟ್ಟು ಸಂದನ್ನೇ ಮುಚ್ಚುವುದು ಇನ್ನೊಂದು.

ಹೊಸ ಮನೆ ಕಟ್ಟುವಾಗ

ಹೊಸ ಮನೆಯಲ್ಲಿ ಏರಿಕೆ ನಿಲ್ಲಿಸಲು ಎರಡು ಉಪಾಯ: ಸಂದೇ ಇಲ್ಲದ ಪದರ, ಇಲ್ಲವೇ ಸಂದು ತೀರಾ ಅಗಲವಿರುವ ಪದರ.

ನೆಲದಡಿಗೆ ಎರಡನೆಯದು ಅಗ್ಗ. ಮಣ್ಣು ಕುಟ್ಟಿದ ಮೇಲೆ 20ರಿಂದ 40 ಮಿಲಿಮೀಟರಿನ ಜೆಲ್ಲಿಯನ್ನು 100-150 ಮಿಲಿಮೀಟರ್ ದಪ್ಪ ಹಾಸಿ. ಕಲ್ಲುಗಳ ನಡುವಿನ ಸಂದು ಹಲವು ಮಿಲಿಮೀಟರ್ ಇರುವುದರಿಂದ ನೀರು ಅದನ್ನು ದಾಟಲಾರದು. ಜೆಲ್ಲಿಯಲ್ಲಿ ಪುಡಿ ಇರಬಾರದು. ಪುಡಿ ಸೇರಿದರೆ ಅಗಲದ ಸಂದುಗಳು ತುಂಬಿ, ಅಷ್ಟು ದಪ್ಪದ ಪದರವೂ ಬತ್ತಿಯಾಗುತ್ತದೆ. ಅದರ ಮೇಲೆ 250 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆ, ಜೋಡಣೆಯಲ್ಲಿ ಒಂದರ ಮೇಲೊಂದು ಒಂದಡಿ ಬರುವಂತೆ, ಆಮೇಲೆ ಕಾಂಕ್ರೀಟು.

ಗೋಡೆಗೆ ಪಂಚಾಂಗದ (ಪ್ಲಿಂತ್) ಮಟ್ಟದಲ್ಲಿ ಡಿಪಿಸಿ, ಅಂದರೆ ತೇವ ತಡೆಯುವ ಪದರ, ಬೇಕು. ಹೊರಗಿನ ನೆಲದಿಂದ ಕನಿಷ್ಠ 150 ಮಿಲಿಮೀಟರ್ ಮೇಲೆ, ಗೋಡೆಯ ಪೂರ್ತಿ ಅಗಲಕ್ಕೆ, 40 ಮಿಲಿಮೀಟರ್ ದಪ್ಪದ 1:2:4 (ಸಿಮೆಂಟು, ಮರಳು, ಜೆಲ್ಲಿ) ಕಾಂಕ್ರೀಟು, 12 ಮಿಲಿಮೀಟರ್ ಜೆಲ್ಲಿಯದು. ಕನಿಷ್ಠ ಏಳು ದಿನ ನೀರುಣಿಸಿ, ಪೂರ್ತಿ ಒಣಗಿದ ಮೇಲೆ ಚದರ ಮೀಟರಿಗೆ 1.7 ಕಿಲೋದಂತೆ ಬಿಸಿ ಡಾಂಬರು ಬಳಿಯಬೇಕು. ಒದ್ದೆ ಕಾಂಕ್ರೀಟಿನ ಮೇಲೆ ಬಳಿದರೆ ಡಾಂಬರು ಹಿಡಿಯುವುದಿಲ್ಲ.

ಡಿಪಿಸಿ ಇದ್ದೂ ಗೋಡೆ ಒದ್ದೆಯಾಗುವುದು ಹೆಚ್ಚಾಗಿ ಅಡ್ಡದಾರಿಗಳಿಂದ. ಹೊರಗಿನ ಗಿಲಾವನ್ನು ನೆಲದಿಂದ ಮೇಲಿನವರೆಗೆ ಒಂದೇ ಎಳೆಯಾಗಿ ತಂದರೆ ನೀರು ಡಿಪಿಸಿಯನ್ನು ಬಳಸಿಕೊಂಡು ಗಿಲಾವಿನಲ್ಲೇ ಹತ್ತುತ್ತದೆ. ಡಿಪಿಸಿಯ ಮಟ್ಟದಲ್ಲಿ ಗಿಲಾವು ಕಡಿದು ಬಿಡಬೇಕು. ಅಂಗಳಕ್ಕೆ ವರ್ಷವರ್ಷ ಕೆಮ್ಮಣ್ಣು ಹಾಕಿ ಎತ್ತರಿಸುತ್ತ ಹೋದರೂ ಅದೇ ಕತೆ, ಡಿಪಿಸಿ ಮಣ್ಣಿನಡಿ ಹೂತುಹೋಗುತ್ತದೆ.

ಈಗಾಗಲೇ ಒದ್ದೆಯಿರುವ ಗೋಡೆಗೆ

ಮೊದಲು ನೀರು ಎಲ್ಲಿಯದು ಎಂದು ತಿಳಿಯಬೇಕು. ಒಂದಡಿ ಚೌಕದ ಅಲ್ಯೂಮಿನಿಯಂ ಫಾಯಿಲನ್ನು ಒರೆಸಿದ ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಎರಡು ದಿನ ಬಿಡಿ. ಕೋಣೆಯ ಕಡೆಗೆ ಹನಿ ಕಟ್ಟಿದರೆ ಅದು ಗಾಳಿಯ ತೇವ, ಬೇಕಾದ್ದು ಗಾಳಿಯಾಟ. ಗೋಡೆಯ ಕಡೆಗೆ ಹನಿ ಕಟ್ಟಿದರೆ ನೀರು ಗೋಡೆಯೊಳಗಿನದು. ತೇವದ ಮೇಲಂಚು ಹೆಚ್ಚುಕಡಿಮೆ ಅಡ್ಡ ಗೆರೆಯಾಗಿದ್ದು, ಕೆಳಗೆ ಹೋದಷ್ಟೂ ಒದ್ದೆ ಹೆಚ್ಚಿದ್ದರೆ ಅದು ನೆಲದಿಂದ ಏರಿದ್ದು. ಕಿಟಕಿಯ ಮೂಲೆಯಿಂದ ಇಳಿದ ಕಲೆಯಾದರೆ ಚಿಕಿತ್ಸೆಯೇ ಬೇರೆ.

ನೆಲದಿಂದ ಏರಿದ್ದೇ ಆದರೆ ಅಂಗಳದ ಮಣ್ಣು ಇಳಿಸುವುದು, ಮಾಡಿನ ನೀರು ಗೋಡೆಬುಡದಿಂದ ದೂರ ಬೀಳುವಂತೆ ದಂಬೆ ಕಟ್ಟುವುದು ಮೊದಲ ಕೆಲಸ. ಸಾಲದಿದ್ದರೆ ಸಿಲೇನ್ ಎಂಬ ರಾಸಾಯನಿಕದ ಮದ್ದು. ಇದು ಸಂದುಗಳನ್ನು ಮುಚ್ಚುವುದಿಲ್ಲ, ಒಳಮೈಯನ್ನು ಕೆಸುವಿನ ಎಲೆಯ ಗುಣಕ್ಕೆ ತರುತ್ತದೆ. ಸಂಪರ್ಕ ಕೋನ 90 ದಾಟಿದ ಮೇಲೆ ಅದೇ ಕಿರಿದಾದ ಸಂದು ನೀರನ್ನು ಕೆಳಕ್ಕೆ ತಳ್ಳುತ್ತದೆ. ಹೊರನೆಲದಿಂದ 150 ಮಿಲಿಮೀಟರ್ ಮೇಲೆ, ಗಾರೆಯ ಸಾಲಿನಲ್ಲಿ, 12 ಮಿಲಿಮೀಟರ್ ತೂತುಗಳನ್ನು 100-120 ಮಿಲಿಮೀಟರಿಗೊಂದರಂತೆ, ಆಚೆ ಮುಖಕ್ಕೆ 40 ಮಿಲಿಮೀಟರ್ ಉಳಿಯುವಷ್ಟು ಆಳ ಕೊರೆದು ತುಂಬುತ್ತಾರೆ. ಚಿರೇಕಲ್ಲಿನ ಗೋಡೆಗೆ ನೀರಿನಂಥ ಮದ್ದಿಗಿಂತ ಕ್ರೀಮಿನಂಥದ್ದು ಮೇಲು, ತೆಳುವಾದದ್ದು ದೊಡ್ಡ ತೂತುಗಳಲ್ಲಿ ಹರಿದುಹೋಗುತ್ತದೆ. ಒಂದು ತೂತು ಬಿಟ್ಟುಹೋದರೂ ಅಷ್ಟಗಲಕ್ಕೆ ನೀರು ಏರುತ್ತದೆ.

ಆಮೇಲೆ ಉಪ್ಪು ಕುಡಿದ ಗಿಲಾವನ್ನು ತೇವದ ಗೆರೆಗಿಂತ ಒಂದರಿಂದ ಒಂದೂವರೆ ಅಡಿ ಮೇಲಿನವರೆಗೆ ಕಲ್ಲು ಕಾಣುವಂತೆ ಕೆತ್ತಿ ತೆಗೆಯಬೇಕು. ಉದುರಿದ ಪುಡಿಯನ್ನು ಗೋಡೆಬುಡದಲ್ಲಿ ಬಿಟ್ಟರೆ ಉಪ್ಪು ಮರಳಿ ಒಳಸೇರುತ್ತದೆ, ಗುಡಿಸಿ ದೂರ ಹಾಕಿ. ಹೊಸ ಗಿಲಾವು ಸುಣ್ಣದ್ದಾದರೆ ಒಳ್ಳೆಯದು, ಬಣ್ಣವೂ ಸುಣ್ಣವೇ ಆದರೆ ಉಳಿದ ತೇವಕ್ಕೆ ಹೊರದಾರಿ ಇರುತ್ತದೆ.

ಗೋಡೆ ಒಣಗುವ ಒರಟು ಲೆಕ್ಕ ತಿಂಗಳಿಗೆ 25 ಮಿಲಿಮೀಟರ್ ದಪ್ಪ. ಒಂಬತ್ತಿಂಚಿನ ಗೋಡೆಗೆ ಒಂಬತ್ತು ತಿಂಗಳು. ನಮ್ಮಲ್ಲಿ ನಿಜವಾದ ಒಣಹವೆ ನವೆಂಬರಿನಿಂದ ಮೇವರೆಗೆ, ಏಳೇ ತಿಂಗಳು. ಹಾಗಾಗಿ ತೂತು ಕೊರೆದು ಮದ್ದು ತುಂಬುವ ಕೆಲಸ ದೀಪಾವಳಿ ಮುಗಿದ ಕೂಡಲೇ ಆಗಬೇಕು, ಗಿಲಾವು ಕೆತ್ತಿದ ಗೋಡೆ ಬೇಸಿಗೆ ಪೂರ್ತಿ ಬರಿಮೈಯಲ್ಲಿ ನಿಲ್ಲಬೇಕು. ಮೇ ಕೊನೆಗೂ ಒಣಗದಿದ್ದರೆ ಸುಣ್ಣದ ಗಿಲಾವನ್ನಷ್ಟೇ ಮಾಡಿ, ಬಣ್ಣವನ್ನು ಮುಂದಿನ ವರ್ಷಕ್ಕೆ ಬಿಡಿ.